ಮುಗಿಯದ ಮಾರ್ಚ್

ಮತ್ತೊಮ್ಮೆ ಕೈ ತೊಳೆದುಕೊಂಡು ಬಂದು, ಪ್ಯಾಂಟಿಗೆ ಒರೆಸಿಕೊಂಡು, ಗಂಗಾಧರ ಕಂಪ್ಯೂಟರಿನ ಮುಂದೆ ಕೂತ. ಕೈಯಲ್ಲಿ ಕೊಳೆಯೇನೂ ಇರಲಿಲ್ಲ. ತೊಳೆಯದೆ ಕೀಲಿಮಣೆ ಮುಟ್ಟಿದರೆ ಏನೋ ತಪ್ಪು ಮಾಡಿದ ಹಾಗೆ ಎದೆ ಬಡಿದುಕೊಳ್ಳುತ್ತಿತ್ತು, ಅಷ್ಟೆ. ಪರದೆಯ ನಡುವಿನ ಬೂದು ಚೌಕದಲ್ಲಿ ನೀಲಿ ಪಟ್ಟಿ ಒಂದಿಷ್ಟು ದೂರ ಓಡಿತು, ಏರಿನಲ್ಲಿ ದಣಿದ ಎತ್ತಿನ ಹಾಗೆ ನಿಂತಿತು, ಆಮೇಲೆ ಮಾಯವಾಯಿತು. ಅದರ ಜಾಗದಲ್ಲಿ ಅದೇ ಇಂಗ್ಲಿಷ್ ಸಾಲು ಮೂಡಿತು. ಸಂಪರ್ಕವನ್ನು ನಂಬಲು ಆಗುವುದಿಲ್ಲ, ಆದ್ದರಿಂದ ನಿಲ್ಲಿಸಲಾಗಿದೆ. ಈ ವಾರವೆಲ್ಲ ಓದಿ ಓದಿ ಆ ಸಾಲಿನ ಅರ್ಥ ಹೋಗಿ ಬರೀ ಮುಖ ಉಳಿದಿತ್ತು. ಕಚೇರಿಯ ಬಾಗಿಲ ಸಂದಿಯಲ್ಲಿ ನಿಂತು, ಒಳಗೆ ಸಾಹೇಬರು ಕೆಮ್ಮುವುದು ಕೇಳುತ್ತಿದ್ದರೂ ‘ಸಾಹೇಬ್ರಿಲ್ಲ’ ಎನ್ನುವ ಜವಾನನ ಮುಖ. ಅವನು ಚೌಕವನ್ನು ಮುಚ್ಚಿ ಮೊದಲಿನಿಂದ ಶುರು ಮಾಡಿದ. ಬೇರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಹೂವಿನಹಡಗಲಿಯ ಆ ಹೂ ಬೆಳೆಗಾರರ ಸಂಘದಲ್ಲಿ ಇದ್ದುದು ಇದೊಂದೇ ಕಂಪ್ಯೂಟರ್. ಅದನ್ನು ನೋಡಿಕೊಳ್ಳಲು ಇದ್ದವನು ಗಂಗಾಧರನೊಬ್ಬನೇ. ಅವನ ಮೇಜಿಗೆ ತಾಗಿಕೊಂಡು ಟೆಲಿಫೋನಿನ ಮೇಜು, ಅಲ್ಲಿ ಗೀತಾಂಜಲಿ. ಹುಟ್ಟಿದಾಗಿನಿಂದ ಕಣ್ಣು ಕಾಣದ ಅವಳು ನಸುಕಿನಲ್ಲೇ ಅಣ್ಣನ ಸೈಕಲ್ಲಿನ ಹಿಂದೆ ಕೂತು ಬಂದು, ಹಳ್ಳಿಹಳ್ಳಿಯಿಂದ ಬರುವ ಕರೆಗಳಿಗೆ ಆ ದಿನದ ಮಲ್ಲಿಗೆಯ ದರ ಹೇಳುತ್ತಿದ್ದಳು. ದನಿ ಕೇಳಿದರೆ ಸಾಕು, ಇಂಥ ಊರಿನ ಇಂಥವರೆಂದು ಹೆಸರು ಹಿಡಿದು ಮಾತಾಡಿಸುವಳು. ನಾಳೆ ಲಗ್ನಗಳಿವೆಯೋ ಇಲ್ಲವೋ, ದಾವಣಗೆರೆಯಲ್ಲಿ ದರ ಏರುತ್ತದೋ ಬೀಳುತ್ತದೋ ಎಂಬುದನ್ನೂ ಬೆಳೆಗಾರರಿಗೆ ಅವಳ ಬಾಯಿಂದಲೇ ಕೇಳಬೇಕು. ಕಚೇರಿಯಿಂದ ಹೊರಗೆ ಹೋಗುವ ಫೋನುಗಳೂ ಅವಳ ಮೂಲಕವೇ. ಲೈನು ಸಿಕ್ಕಿದ ಮೇಲೆ ‘ಮಾತಾಡ್ರಿ’ ಎಂದು ತನ್ನ ರಿಸೀವರ್ ಇಡುವಳು. ಇಟ್ಟಾಗ ಮಾತಾಡುವವರ ಕಿವಿಯಲ್ಲಿ ಸಣ್ಣದೊಂದು ಟಕ್ ಕೇಳುತ್ತಿತ್ತು. ಈಗ ಬಳ್ಳಾರಿಯ ಒಕ್ಕೂಟದವರು ಹೊಸ ಪದ್ಧತಿ ತಂದಿದ್ದರು. ದರವನ್ನು ಕಂಪ್ಯೂಟರಿನಲ್ಲಿ ಹಾಕಿದರೆ ಬೆಳೆಗಾರರ ಮೊಬೈಲಿಗೆ ತಾನೇ ಹೋಗುತ್ತದೆ, ಫೋನಿಗೆಂದು ಬೇರೆ ಮನುಷ್ಯರು ಬೇಕಿಲ್ಲ. ಗೀತಾಂಜಲಿ ಸುಮ್ಮನೆ ಕೂರಲಿಲ್ಲ. ಹುಬ್ಬಳ್ಳಿಯಲ್ಲಿ ತರಬೇತಿಗೆ ಹೋಗಿದ್ದಾಗ ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರಿನಲ್ಲಿ ಕಲಿತಿದ್ದೇನೆ, ಅದು ಬಿಟ್ಟಿ ಸಿಗುತ್ತದೆ, ಅದೊಂದಿದ್ದರೆ ದರ ನಾನೇ ಹಾಕಬಲ್ಲೆ ಎಂದು ಒಕ್ಕೂಟಕ್ಕೆ ಹೇಳಿಸಿದಳು. ಮಾಡಿ ತೋರಿಸಲಿ, ತೋರಿಸಿದರೆ ಕೆಲಸ ಅವಳದೇ ಎಂದು ಅವರು ಒಪ್ಪಿಕೊಂಡರು. ಅದನ್ನು ನೋಡಲು ಒಬ್ಬ ಅಧಿಕಾರಿ ಇವತ್ತು ಮಧ್ಯಾಹ್ನ ಬರುವವರಿದ್ದರು. “ಅದೇನ್ ದೊಡ್ಡ ಮಾತ್ರಿ ಗೀತಮ್ಮ, ನಾ ಹಾಕಿಕೊಡ್ತೀನಿ,” ಎಂದು ಗಂಗಾಧರ ಹೇಳಿದ್ದ. ಹೇಳುವಾಗ ತನ್ನ ದನಿ ತನಗೇ ಹಿತವಾಗಿ ಕೇಳಿದ್ದು ಈಗ ನೆನಪಾಗಿ ಕಿವಿ ಬಿಸಿಯಾಯಿತು.

“ಗಂಗಣ್ಣ, ಏನಂತೈತ್ರಿ ನಿಮ್ಮ ಪೆಟಗಿ?” ಗೀತಾಂಜಲಿ ಕೇಳಿದಳು. ಕರೆಗಳಿಲ್ಲದ ಹೊತ್ತು. ಬೆಳಿಗ್ಗೆ ಯಾರೋ ಬಿಟ್ಟುಹೋದ ಮೊಗ್ಗುಗಳನ್ನು ಉಡಿಯಲ್ಲಿ ಹಾಕಿಕೊಂಡು ದಂಡೆ ಕಟ್ಟುತ್ತಿದ್ದಳು. ಬೆರಳುಗಳು ತಾವೇ ಮೊಗ್ಗನ್ನು ಹುಡುಕಿ, ತಿರುಗಿಸಿ, ದಾರಕ್ಕೆ ಸಿಕ್ಕಿಸುತ್ತಿದ್ದವು.

“ನಡದೈತ್ರಿ.”

“ಆ ಸಾಫ್ಟ್‌ವೇರ್ ಕನ್ನಡ ಮಾತಾಡದು ಕೇಳಿರೇನು? ಇಂಗ್ಲೆಂಡಿನ ಪಾದ್ರಿಗೆ ನೆಗಡಿ ಬಂದಂಗ. ನಮ್ಮ ಹುಬ್ಬಳ್ಳಿ ಹಾಸ್ಟೆಲ್ಲಿನಾಗ ಅದಕ್ಕ ಫಾದರ್ ಅಂತಿದ್ವಿ. ಫಾದರ್ ಇವತ್ತು ಸಿಟ್ಟಾಗ್ಯಾನ, ಫಾದರ್ ಇವತ್ತು ಉಪಾಸ ಅದಾನ...” ಅವಳು ತಾನೇ ನಕ್ಕಳು. ಆಮೇಲೆ ದಾರ ಬಿಗಿಯುತ್ತ, “ಬಂದ್ರ ಚಲೋ ನೋಡ್ರಿ. ಇಲ್ಲಂದ್ರ ಮನ್ಯಾಗ ಕುಂತು ಮೂಲ್ಯಾಗಿನ ಒನಕಿ ಆಗಿಬಿಡ್ತೀನಿ. ನಮ್ಮ ಅತ್ತಿಗಿ ಒಳ್ಳೇಕೀನ. ಒನಕೀನೂ ದಿನಾ ಒರಸಿ ಇಡತಾಳ,” ಎಂದಳು.

ನಗಬೇಕೋ ಬೇಡವೋ ತಿಳಿಯದೆ ಗಂಗಾಧರ ಗಂಟಲು ಸರಿಮಾಡಿಕೊಂಡ. ಅವಳೆದುರು ಮುಖದಲ್ಲಿ ಏನನ್ನೂ ಬಚ್ಚಿಡಬೇಕಿಲ್ಲ ಎಂದು ಮೊದಮೊದಲು ಅವನು ಭಾವಿಸಿದ್ದ. ಆಮೇಲೆ ತಿಳಿಯಿತು, ಗಂಟಲನ್ನು ಬಚ್ಚಿಡುವುದು ಅದಕ್ಕಿಂತ ಕಷ್ಟ. ಸಂಘದ ಇಂಟರ್ನೆಟ್ ನೇರ ಬರುತ್ತಿರಲಿಲ್ಲ. ಬಳ್ಳಾರಿಯಲ್ಲಿ ಒಂದು ಪೆಟ್ಟಿಗೆ ಇತ್ತು, ಜಿಲ್ಲೆಯ ಸಂಘಗಳ ದಾರಿಯೆಲ್ಲ ಅದರೊಳಗಿಂದ. ಫೈರ್‌ವಾಲ್ ಎಂದು ಅದರ ಹೆಸರು. ಅವನ ಮನಸ್ಸಿನಲ್ಲಿ ಅದು ಬೆಂಕಿಯೂ ಆಗಿರಲಿಲ್ಲ, ಗೋಡೆಯೂ ಆಗಿರಲಿಲ್ಲ. ಕಾಲುವೆಯ ತೂಬಿನ ಪಕ್ಕ ಬೀಡಿ ಸೇದುತ್ತ ಕೂತ ನೀರುಗಂಟಿಯಾಗಿತ್ತು. ಯಾರ ಹೊಲಕ್ಕೆ ನೀರು ಬಿಡಬೇಕು, ಯಾರದಕ್ಕೆ ಬಿಡಬಾರದು ಎಂದು ಅವನಿಗಷ್ಟೇ ಗೊತ್ತು. ಒಕ್ಕೂಟದ ಪುಟ ತೆರೆಯುತ್ತಿತ್ತು, ಈಮೇಲ್ ಬರುತ್ತಿತ್ತು. ಈ ಸಾಫ್ಟ್‌ವೇರನ್ನು ಇಳಿಸಿಕೊಳ್ಳಹೋದರೆ ಮಾತ್ರ ತೂಬು ಮುಚ್ಚಿಕೊಳ್ಳುತ್ತಿತ್ತು. ಬಸ್‌ಸ್ಟ್ಯಾಂಡಿನ ಬ್ರೌಸಿಂಗ್ ಸೆಂಟರಿನಲ್ಲಿ ಇಳಿಸಿ ಸೀಡಿಯಲ್ಲಿ ತಂದೂ ನೋಡಿದ್ದ. ಹಾಕಿದರೆ, ನನಗೆ ಇನ್ನೊಂದು ಫೈಲು ಬೇಕು ಎಂದಿತು. ಅದನ್ನು ತಂದರೆ ಅದಕ್ಕೆ ಮತ್ತೊಂದು ಬೇಕಾಯಿತು. ಲಗ್ನಕ್ಕೆ ಒಬ್ಬ ಬೀಗರನ್ನು ಕರೆದರೆ, ನಮ್ಮ ತಮ್ಮನನ್ನು ಕರೆದಿಲ್ಲ ಎಂದು ಅವರು ಹೊಸ್ತಿಲಲ್ಲೇ ನಿಲ್ಲುತ್ತಾರಲ್ಲ, ಹಾಗೆ. ಕೊನೆಯದೊಂದು ಕನ್ನಡ ದನಿಯ ಫೈಲು, ಅದನ್ನು ಇಂಟರ್ನೆಟ್ಟಿನಿಂದ ನೇರ ನಾನೇ ತರುತ್ತೇನೆ ಎಂದು ಸಾಫ್ಟ್‌ವೇರ್ ಹಟ ಹಿಡಿದಿತ್ತು. ಗೊತ್ತಿದ್ದವರಿಗೆ ಇದೆಲ್ಲ ಒಂದು ಗಳಿಗೆಯ ಕೆಲಸ ಇರಬೇಕು. ತಾನು ಗೊತ್ತಿದ್ದವನಲ್ಲ, ಗೊತ್ತಿದ್ದವರ ಹಿಂದೆ ನಿಂತು ಇಣುಕಿದವನು.

ಕೊಟ್ಟೂರಿನಲ್ಲಿ, ಬಟ್ಟೆಯಂಗಡಿಯ ಮಾಳಿಗೆಯ ಮೇಲೆ, ಅವನು ಕಂಪ್ಯೂಟರ್ ಕಲಿತ ಸಂಜೆಯ ಕ್ಲಾಸು. ಒಂದೊಂದು ಕಂಪ್ಯೂಟರಿನ ಸುತ್ತ ಒಂದು ಗುಂಪು, ಕುರ್ಚಿ ಹಿಡಿದವರಿಗೆ ಮೌಸು, ಉಳಿದವರಿಗೆ ಅವರ ಭುಜ. ಅವನು ಹಗಲೆಲ್ಲ ದಲಾಲಿ ಅಂಗಡಿಯಲ್ಲಿ ಒಣಮೆಣಸಿನಕಾಯಿ ತೂಗಿ, ಅಲ್ಲಿಂದ ಓಡುತ್ತ ಬರುವನು, ಯಾವಾಗಲೂ ತಡ, ಯಾವಾಗಲೂ ಹಿಂದಿನ ಸಾಲು. ಒಂದು ಸಂಜೆ ಕುರ್ಚಿ ಸಿಕ್ಕಿತು. ಮೌಸು ಹಿಡಿದ. ಅಂಗೈಯಲ್ಲಿ ಅದು ಮೊಲದ ಮರಿಯ ಹಾಗೆ ಬೆಚ್ಚಗಿತ್ತು. ಅವನ ನಂತರ ಕೂತ ಹುಡುಗಿ ಅದೇ ಮೌಸು ಹಿಡಿದು, ಸ್ವಲ್ಪ ಹೊತ್ತಿಗೆ ಕಣ್ಣು ಉಜ್ಜಿಕೊಂಡು, ಅಯ್ಯೋ ಎಂದು ಚೀರಿದಳು. ನೀರು, ಗದ್ದಲ, ಅವಳ ಕೆಂಪು ಕಣ್ಣು. ಮೇಷ್ಟ್ರು ಮೌಸನ್ನು ಮೂಸಿ ನೋಡಿ, ಸುತ್ತಲೂ ನೋಡಿ, ಅವನ ಉಗುರ ಸಂದಿಯ ಕೆಂಪನ್ನು ಕಂಡುಹಿಡಿದರು. ಬಯ್ಯಲಿಲ್ಲ. “ನಾಳಿಂದ ಕೈ ತೊಳಕಂಡು ನನಗ ತೋರ್ಸಿ ಒಳಗ ಬರಬೇಕಪ,” ಎಂದರು ಮೃದುವಾಗಿ. ಅವತ್ತಿನಿಂದ ದಿನಾ ಬಾಗಿಲಲ್ಲಿ ನಿಂತು, ಎಲ್ಲರೂ ನೋಡುತ್ತಿರುವಾಗ, ಎರಡೂ ಅಂಗೈ ಚಾಚಿ ತೋರಿಸುವನು. ಮೇಷ್ಟ್ರು ತಲೆಯಾಡಿಸಿದ ಮೇಲೆ ಒಳಗೆ. ಪ್ರಮಾಣಪತ್ರ ಬಂತು, ಈ ಕೆಲಸವೂ ಸಿಕ್ಕಿತು. ಕೂಡ್ಲಿಗಿಯ ಹತ್ತಿರದ ಹಟ್ಟಿಯಲ್ಲಿ ಅವ್ವ ಹೊನ್ನೂರಮ್ಮ ಕೂಲಿ ಬಿಟ್ಟು, ನನ್ನ ಮಗ ನೆಳ್ಳಾಗ ಕುಂತು ದುಡಿತಾನ ಎಂದು ಸಿಕ್ಕವರಿಗೆಲ್ಲ ಹೇಳತೊಡಗಿದಳು. ನೆರಳಿನಲ್ಲಿ ಕೂತ ಮಗ ಈಗ ಅಂಗೈ ನೋಡಿಕೊಂಡ. ಮತ್ತೆ ಬೆವರಿದ್ದವು.

“ಗೀತಮ್ಮ, ಬಳ್ಳಾರಿಗೆ ಹಚ್ಚರಿ. ಕಂಪ್ಯೂಟರ್ ಸೆಕ್ಷನ್ನು.”

ಅವಳು ಹೂವನ್ನು ಸರಿಸಿ ಗುಂಡಿಗಳನ್ನೊತ್ತಿದಳು. ಲೈನು ಸಿಗುವುದು ತಡವಾಯಿತು. “ಮಾತಾಡ್ರಿ,” ಎಂದಳು. ಗಂಗಾಧರ ತನ್ನ ಮೇಜಿನ ಫೋನನ್ನು ಎರಡೂ ಕೈಯಲ್ಲಿ ಹಿಡಿದ. ಆ ಕಡೆ ಬಸವೇಶ್, ಒಕ್ಕೂಟದ ಆ ಪೆಟ್ಟಿಗೆಯನ್ನು ಕಾಯುವವನು. ವಯಸ್ಸಿನಲ್ಲಿ ಗಂಗಾಧರನಿಗಿಂತ ಚಿಕ್ಕವನಿರಬೇಕು, ಆದರೆ ಇವನೇ ಸರ್ ಎನ್ನುವುದು.

“ಹಡಗಲಿ ಏನ್ರಿ? ಮತ್ತ ನೀವಾ? ಪಾಸ್‌ವರ್ಡ್ ಹಾಕೀರೇನು?”

“ಹಾಕೀನ್ರಿ ಸರ್.”

“ಪ್ರಾಕ್ಸಿ ನಂಬರು?”

“ನೀವು ಹೇಳಿದ್ದನ್ನ ಹಾಕೀನ್ರಿ. ಬಾಳ ಸಲ ನೋಡೀನಿ.”

“ಹಂಗಾರ ನಿಮ್ಮ ಮಷಿನ್ನಿಗೆ ದೃಷ್ಟಿ ತಗದು ಒಂದು ನಿಂಬಿಹಣ್ಣು ಕಟ್ರಿ. ಬ್ಯಾರೆ ಸಂಘದಾಗ ಎಲ್ಲಾ ನಡದೈತಿ, ನಿಮ್ಮದೊಂದ ಯಾಕ...” ಆ ಕಡೆ ಯಾರೋ ಚಹಾ ತಂದಿಟ್ಟ ಸದ್ದು. ಬಸವೇಶ್ ಒಂದು ಗುಟುಕು ಹೀರಿ, ಇದ್ದಕ್ಕಿದ್ದಂತೆ ಕೇಳಿದ, “ತಡೀರಿ. ನಿಮ್ಮ ಮಷಿನ್ನಿನಾಗ ಇವತ್ತು ತಾರೀಕು ಎಷ್ಟು?”

ಗಂಗಾಧರ ಪರದೆಯ ಮೂಲೆ ನೋಡಿದ. ನೋಡಬೇಕಾಗಿರಲಿಲ್ಲ. “ಮಾರ್ಚ್ ಮೂವತ್ತೊಂದ್ರಿ,” ಎಂದ ಸಣ್ಣ ದನಿಯಲ್ಲಿ.

ಬಸವೇಶ್ ಲೋಟ ಕೆಳಗಿಟ್ಟ. ಆಮೇಲೆ ನಗು. ಅವನೊಬ್ಬನ ನಗುವಲ್ಲ, ಅವನು ಫೋನು ಮುಚ್ಚಿ ಪಕ್ಕದವರಿಗೆ ಹೇಳಿ, ಅವರೂ ನಕ್ಕರು. “ಅಲ್ರೀ ಮಾರಾಯ್ರ, ನಾವಿಲ್ಲಿ ಜೂನಿನಾಗ ಅದೀವಿ. ನೀವಿನ್ನ ಮಾರ್ಚಿನಾಗ ಅದೀರೇನು? ಕೇಳ್ರಿ ಇಲ್ಲಿ. ಏಪ್ರಿಲ್ಲಿನಾಗ ನಾವು ಗೇಟಿಗೆ ಹೊಸ ಸರ್ಟಿಫಿಕೇಟ್ ಹಾಕೀವಿ. ನಿಮ್ಮ ಮಷಿನ್ನು ಅದನ್ನ ನೋಡಿ, ಇದು ಇನ್ನಾ ಹುಟ್ಟಿಲ್ಲ, ಸುಳ್ಳು ಅಂತ ತಿಳಕಂಡೈತಿ. ಬರೇ ಪುಟ ನೋಡಾಕ ಅದು ಕೇಳಂಗಿಲ್ಲ, ಸಾಫ್ಟ್‌ವೇರ್ ಇಳಿಸಬೇಕಂದ್ರ ಕೇಳತೈತಿ. ತಾರೀಕು ಸರಿ ಮಾಡ್ರಿ, ಬಂದುಬಿಡ್ತೈತಿ. ಇಷ್ಟ!”

ಇಷ್ಟೇ. ಫೋನು ಇಟ್ಟ ಮೇಲೂ ಆ ಪದ ಅಲ್ಲೇ ಕೂತಿತ್ತು. ಗೇಟು ಮುಚ್ಚಿರಲೇ ಇಲ್ಲ. ನೀರುಗಂಟಿ ನೀರು ಬಿಟ್ಟೇ ಇದ್ದ, ತಮ್ಮ ಹೊಲವೇ ಬೇಡವೆಂದಿತ್ತು. ಗಂಗಾಧರನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಸಂಘದಲ್ಲಿ ಮಾರ್ಚನ್ನು ಯಾರೂ ಮುಟ್ಟುವಂತಿರಲಿಲ್ಲ. ಲೆಕ್ಕದ ಸಾಫ್ಟ್‌ವೇರ್ ಯಂತ್ರದ ತಾರೀಕನ್ನೇ ನಂಬುತ್ತಿತ್ತು. ಏಪ್ರಿಲ್ ಎಂದು ಕಂಡರೆ ಹಳೆಯ ವರ್ಷವನ್ನು ತಾನೇ ಮುಚ್ಚಿ ಬೀಗ ಹಾಕಿಕೊಳ್ಳುತ್ತಿತ್ತು. ಅಧ್ಯಕ್ಷರ, ನಿರ್ದೇಶಕರ ಬಿಲ್ಲುಗಳು ಬರುವುದು ಮಳೆಗಾಲ ಹಿಡಿದ ಮೇಲೆ. ಹಾಗಾಗಿ ಪ್ರತಿವರ್ಷ ಕಾರ್ಯದರ್ಶಿ ಗುರುಸಂಗಪ್ಪನವರು ಕಂಪ್ಯೂಟರನ್ನು ಮಾರ್ಚ್ ಮೂವತ್ತೊಂದಕ್ಕೆ ಕಟ್ಟಿಹಾಕಿಸುತ್ತಿದ್ದರು. ರಾತ್ರಿ ಏಪ್ರಿಲ್ ಒಂದಕ್ಕೆ ಕಾಲಿಟ್ಟ ಅದನ್ನು ದಿನಾ ಬೆಳಿಗ್ಗೆ, ಲೆಕ್ಕ ತೆರೆಯುವ ಮೊದಲು, ಹಿಂದಕ್ಕೆ ಎಳೆಯುವುದು ಗಂಗಾಧರನ ಮೊದಲ ಕೆಲಸ. ಮಾಡಿ ಮಾಡಿ ಅದು ದೇವರ ಮುಂದೆ ಊದಿನಕಡ್ಡಿ ಹಚ್ಚಿದಷ್ಟು ಸಹಜವಾಗಿ, ಈ ವಾರವೆಲ್ಲ ಅವನು ನೂರು ಕಾರಣ ಹುಡುಕಿದರೂ ಅದೊಂದು ಕಣ್ಣಿಗೆ ಬಿದ್ದಿರಲಿಲ್ಲ. ಎದುರಿನ ಕಿಟಕಿಯಲ್ಲಿ, ರಸ್ತೆಯಾಚೆ, ಮೈಲಪ್ಪ ಝೆರಾಕ್ಸ್ ಯಂತ್ರದ ಮುಚ್ಚಳ ತೆಗೆದು ಒಳಗೆ ಊದುತ್ತಿದ್ದ. ಗಂಗಾಧರನಿಗಿಂತ ಮೊದಲು ಈ ಕುರ್ಚಿಯಲ್ಲಿ ಕೂತಿದ್ದವನು. ಒಂದು ಬೆಳಿಗ್ಗೆ ತಾರೀಕು ಎಳೆಯುವುದನ್ನು ಮರೆತ. ಮಾರ್ಚ್ ಮುಚ್ಚಿಕೊಂಡಿತು. ಮರುದಿನ ಅವನು ಬರಲಿಲ್ಲ, ಬರಬೇಡವೆಂದಿದ್ದರು. ಈಗಲೂ ರಸ್ತೆಯಲ್ಲಿ ಸಿಕ್ಕರೆ ಗುರುಸಂಗಪ್ಪನವರಿಗೆ ಕೈ ಮುಗಿಯುತ್ತಾನೆ.

ಆದರೆ ಮೈಲಪ್ಪ ಮರೆತಾಗ ಲೆಕ್ಕದ ಸಾಫ್ಟ್‌ವೇರ್ ತೆರೆದಿತ್ತು. ಅದನ್ನು ಮೊದಲೇ ಮುಚ್ಚಿಬಿಟ್ಟರೆ? ಮುಚ್ಚಿ, ತಾರೀಕು ಮುಂದೆ ಮಾಡಿ, ದನಿಯ ಫೈಲನ್ನು ಇಳಿಸಿಕೊಂಡು, ತಾರೀಕನ್ನು ಮತ್ತೆ ಮಾರ್ಚಿಗೆ ತಂದು ಲೆಕ್ಕ ತೆರೆದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ತಿಳಿಯಬಾರದು. ಮಲಗಿದವರಿಗೆ ಮನೆಗೆ ಯಾರು ಬಂದುಹೋದರೆಂದು ಏನು ಗೊತ್ತು. ಇದು ಸರಿ ಎಂದು ಅವನಿಗೆ ಬಹುಮಟ್ಟಿಗೆ ಗೊತ್ತಿತ್ತು. ಬಹುಮಟ್ಟಿಗೆ. ಕಾಲೇಜಿನಲ್ಲಿ ಓದಿದವರಿಗೆ, ಬಸವೇಶನಿಗೆ, ಪೂರ್ತಿ ಗೊತ್ತಿರುತ್ತಿತ್ತು. ಸಂಜೆ ಕ್ಲಾಸಿನವನಿಗೆ ಪ್ರತಿಯೊಂದೂ ಒಂದು ಕೂದಲೆಳೆ ಕಡಿಮೆ ಗೊತ್ತು, ಆ ಕೂದಲೆಳೆಯೊಳಗೇ ಅವನ ಇಡೀ ಬದುಕು ಹೋಗುತ್ತದೆ. ಕೇಳಿಬಿಡಬೇಕು. ಗುರುಸಂಗಪ್ಪನವರನ್ನೇ ಕೇಳಿ ಮಾಡಬೇಕು. ಎದ್ದ. ಏಳುವಾಗ ಗೀತಾಂಜಲಿ ತಲೆ ಎತ್ತಿದಳು.

ಒಳಗಿನ ಕೋಣೆಯಲ್ಲಿ ಗುರುಸಂಗಪ್ಪನವರು ಅಧಿಕಾರಿಗೆ ಹಾಕುವ ಹಾರವನ್ನು ಕೈಯಲ್ಲಿ ಹಿಡಿದು ಮಾಲಿಯನ್ನು ದಬಾಯಿಸುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. “ಮಲ್ಲಿಗಿ ಊರಿನಾಗ ಕೂತು ಇಂಥಾ ಹಾರ ಹಾಕಿದ್ರ ಬಳ್ಳಾರಿಯವ್ರು ಏನಂದಾರಲೇ? ಒಣ ಪುಂಡಿಪಲ್ಲೆ ಕಟ್ಟಿದಂಗ ಕಟ್ಟೀಯಲ್ಲ! ಹೋಗು, ಇನ್ನೊಂದು ತಾ.” ಮಾಲಿ ಹೋದ. ಅವರು ಗಂಗಾಧರನ ಕಡೆ ತಿರುಗಿದರು. ಕೆಟ್ಟ ಮನುಷ್ಯರಲ್ಲ. ಹೋದ ವರ್ಷ ಅವ್ವನಿಗೆ ಜ್ವರ ಬಂದಾಗ ಕೇಳದೆಯೇ ರಜೆ ಕೊಟ್ಟಿದ್ದರು. ಅದು ನೆನಪಾದದ್ದೇ ನಾಲಿಗೆ ಇನ್ನಷ್ಟು ದಪ್ಪವಾಯಿತು.

“ಏನಪ?”

“ಸರ್, ಡೇಟು...”

“ಯಾವ ಡೇಟು?” ಅವರ ದನಿ ಸ್ವಲ್ಪವೇ ಬಿಗಿಯಾಯಿತು. ಅಷ್ಟು ಸಾಕಾಯಿತು. ಗಂಗಾಧರ ತನ್ನ ಎರಡೂ ಅಂಗೈಗಳು ಸೊಂಟದ ಮಟ್ಟದಲ್ಲಿ, ಮೇಲ್ಮುಖವಾಗಿ, ತೆರೆದುಕೊಂಡಿರುವುದನ್ನು ಕಂಡ.

“ಸ್ವಾಗತದ ಬೋರ್ಡಿನಾಗ ಇವತ್ತಿನ ಡೇಟು ಹಾಕಬೇಕೇನ್ರಿ ಅಂತ,” ಎಂದ.

ಗುರುಸಂಗಪ್ಪನವರು ಅವನನ್ನು ನೋಡಿ ನಕ್ಕುಬಿಟ್ಟರು. “ಇವತ್ತಿಂದು ಬಿಟ್ಟು ನಿಮ್ಮಪ್ಪನ ಲಗ್ನದ ತಾರೀಕು ಹಾಕ್ತೀಯೇನೋ? ಹೋಗು, ಲಗೂನ ಪ್ರಿಂಟ್ ತಗಿ. ದೊಡ್ಡ ಅಕ್ಷರ ಇರ್ಲಿ.”

ಅವನು ಬಂದು ಕೂತು ಸ್ವಾಗತ ಎಂದು ದೊಡ್ಡ ಅಕ್ಷರದಲ್ಲಿ ಹೊಡೆದ. ಕೆಳಗೆ ಯಂತ್ರ ತಾನೇ ಮಾರ್ಚ್ ಮೂವತ್ತೊಂದು ಎಂದು ಹಾಕಿತು. ಅದನ್ನು ಅಳಿಸಿ ಜೂನಿನ ತಾರೀಕನ್ನು ಕೈಯಾರೆ ಹೊಡೆದ. ಮಾಡಿದ್ದು ಎಷ್ಟು ಸುಲಭವಾಯಿತು ಎಂದು ಬೆರಳುಗಳಿಗೆ ಆಶ್ಚರ್ಯವಾಯಿತು. ಮೂಲೆಯ ಗಡಿಯಾರ ಅಲ್ಲೇ ಇತ್ತು, ಎರಡು ಸಲ ಒತ್ತಿದರೆ ತೆರೆದುಕೊಳ್ಳುತ್ತದೆ. ಬಾಣವನ್ನು ಅದರ ಮೇಲೆ ಒಯ್ದು ನಿಲ್ಲಿಸಿದ. ಈಗ ಒತ್ತಬೇಕು. ಒತ್ತಿದ ಮೇಲೆ ಮಾರ್ಚ್ ಮುಚ್ಚಿಕೊಂಡರೆ? ರಸ್ತೆಯಾಚೆ ಇನ್ನೊಂದು ಝೆರಾಕ್ಸ್ ಅಂಗಡಿಗೆ ಜಾಗವಿಲ್ಲ. ಅವ್ವ ಮತ್ತೆ ಕುಡುಗೋಲು ಹಿಡಿದು ಕೂಲಿಗೆ ಹೋಗಿ, ನೆಳ್ಳಾಗ ಕುಂತಿದ್ದ ನನ್ನ ಮಗ ಎಂದು... ಬಾಣ ಪಕ್ಕಕ್ಕೆ ಸರಿಯಿತು. ಮತ್ತೆ ಒಯ್ದ. ಆ ಬೆಚ್ಚನೆಯ ಮೊಲ ಅಂಗೈಯಲ್ಲಿ ಉಸಿರಾಡುತ್ತಿತ್ತು. ಕೊಟ್ಟೂರಿನಲ್ಲಿ ಯಾರೋ ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಮಾಲಿ ಹೊಸ ಹಾರ ತಂದು ಹೋದ. ಯಾರೋ ಬಂದು ನೀರಿನ ಕೊಡ ಇಟ್ಟು ಹೋದರು. ಪ್ರತಿ ಸದ್ದಿಗೂ ಅವನು ಮೌಸಿನಿಂದ ಕೈ ತೆಗೆಯುತ್ತಿದ್ದ.

“ಗಂಗಣ್ಣ,” ಗೀತಾಂಜಲಿಯ ದನಿ ಈ ಸಲ ಮೆಲ್ಲಗಿತ್ತು, “ಏನಾತ್ರಿ?”

ಆ ಪ್ರಶ್ನೆ ಅವನಿಗಾಗಿ ಬಾಗಿಲು ತೆರೆದು ನಿಂತ ಹಾಗೆ ಇತ್ತು. ಹೇಳಬಹುದಿತ್ತು. ಹೀಗೆ ಹೀಗೆ, ತಾರೀಕಿನದು, ನನಗೆ ಹೆದರಿಕೆಯಾಗುತ್ತಿದೆ, ನೀವೇ ಒಂದು ಮಾತು ಗುರುಸಂಗಪ್ಪನವರಿಗೆ ಹೇಳಿ ಎನ್ನಬಹುದಿತ್ತು. ಅವಳಾದರೆ ಕೇಳಿಬಿಡುತ್ತಿದ್ದಳು.

“ಬರ್ತೈತ್ರಿ,” ಎಂದ. “ಸ್ವಲ್ಪ ತಡಾ ಆಗ್ತೈತಿ ಅಷ್ಟ.”

ಅವಳ ಬೆರಳುಗಳು ನಿಂತವು. ಉಡಿಯಲ್ಲಿ ಉಳಿದ ಮೊಗ್ಗುಗಳನ್ನು ಒಮ್ಮೆ ಸವರಿ, “ಹೂಂ,” ಎಂದಳು.

ಅಧಿಕಾರಿ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಹಾರ, ಎಳನೀರು, ಕುರ್ಚಿಗಳ ಎಳೆದಾಟ. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಗಂಗಾಧರ ಅವರನ್ನು ಸಿಡುಕಿನ ಮನುಷ್ಯನೆಂದು ಊಹಿಸಿಕೊಂಡಿದ್ದ, ಹಾಗಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಗೀತಾಂಜಲಿಗಾಗಿ ಕುರ್ಚಿಯನ್ನು ತಾವೇ ಸರಿಸಿ, “ಬಾರಮ್ಮ, ನಿನ್ನ ಹೆಸ್ರು ಬಳ್ಳಾರಿತನಕ ಬಂದೈತಿ. ತೋರ್ಸು ನೋಡೋಣು,” ಎಂದರು. ಗುರುಸಂಗಪ್ಪನವರು ಹಿಂದೆ ಕೈಕಟ್ಟಿ ನಿಂತರು. ಗಂಗಾಧರ ಎದ್ದು ಜಾಗ ಬಿಟ್ಟ. ಅವಳು ಕೂತು, ಕೀಲಿಮಣೆಯ ಅಂಚು ಹಿಡಿದು, ತೋರುಬೆರಳುಗಳಿಂದ ಸಣ್ಣ ಉಬ್ಬುಗಳಿದ್ದ ಎರಡು ಗುಂಡಿಗಳನ್ನು ಹುಡುಕಿಕೊಂಡಳು. ಬೆನ್ನು ನೆಟ್ಟಗಾಯಿತು. ಹುಬ್ಬಳ್ಳಿಯಲ್ಲಿ ಕಲಿತ ಹಾಗೆ, ಆ ಸಾಫ್ಟ್‌ವೇರನ್ನು ಎಬ್ಬಿಸುವ ಗುಂಡಿಗಳನ್ನು ಒಟ್ಟಿಗೆ ಒತ್ತಿದಳು. ಕಾದಳು. ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದು. ಮತ್ತೊಮ್ಮೆ ಒತ್ತಿದಳು. ಯಂತ್ರ ಒಮ್ಮೆ ಠಣ್ ಎಂದಿತು, ಅಷ್ಟೆ. ಅವಳ ಮುಖ ಯಾವ ಕಡೆಗೂ ತಿರುಗಲಿಲ್ಲ, ಸ್ವಲ್ಪ ಮೇಲೆತ್ತಿಕೊಂಡಿತ್ತು, ದೂರದಲ್ಲಿ ಬಸ್ಸು ಬಂತೇ ಎಂದು ಆಲಿಸುವವರ ಹಾಗೆ.

“ಏನಾರ ತೊಂದ್ರಿ ಐತೇನು? ಅವಸರ ಇಲ್ಲ, ನಾ ಕಾಯ್ತೀನಿ,” ಎಂದರು ಅಧಿಕಾರಿ. ಆಮೇಲೆ ತಲೆಯೆತ್ತಿ ನೇರ ಗಂಗಾಧರನನ್ನೇ ಕೇಳಿದರು, “ನೀನೇನಪ ಇದನ್ನ ನೋಡಿಕಣೋನು? ಮಷಿನ್ನಿಗೆ ಏನರ ಆಗೈತೇನು? ಹೇಳು, ನಮ್ಮ ಕಡಿಂದ ಆಗಬೇಕಿದ್ರ ಮಾಡೋಣು.”

ಎಲ್ಲರೂ ಅವನ ಕಡೆ ನೋಡಿದರು. ಗುರುಸಂಗಪ್ಪನವರೂ. ಅವರ ಕಣ್ಣಿನಲ್ಲಿ ಬೆದರಿಕೆ ಇರಲಿಲ್ಲ, ಇವನ ತೊಂದರೆ ಏನೆಂದೇ ಅವರಿಗೆ ಗೊತ್ತಿರಲಿಲ್ಲ. ಗಂಗಾಧರನ ಬಾಯಿ ತೆರೆಯಿತು. ಮಾರ್ಚ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಕ್ಕೂಟದ ಸಾಹೇಬರ ಎದುರಿಗೆ ಅದನ್ನು ಹೇಳಿದರೆ, ಸಂಘ ವರ್ಷ ಮುಗಿಸದೆ ಕೂತಿದೆ ಎಂದು ಹೇಳಿದ ಹಾಗೆ. ಸಂಘದ ಉಪ್ಪು ತಿಂದು... ಅಷ್ಟು ದೂರ ಯೋಚಿಸುವಷ್ಟು ಹೊತ್ತು ಅವನು ತೆಗೆದುಕೊಂಡ.

“ಮಷಿನ್ನಿಗೆ ಏನಾಗಿಲ್ರಿ ಸರ್,” ಎಂದಳು ಗೀತಾಂಜಲಿ. ಕೈಗಳನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. “ಅವ್ರು ಎಲ್ಲಾ ಹಾಕಿಕೊಟ್ಟಾರ. ನನಗ ಇನ್ನಾ ಬರಂಗಿಲ್ಲ.”

“ಹುಬ್ಬಳ್ಳಿಯಾಗ ಕಲ್ತೀನಿ ಅಂದಿದ್ದೆಲ್ಲಮ್ಮ?” ಎಂದರು ಅಧಿಕಾರಿ, ಬೇಸರದಿಂದ ಅಲ್ಲ, ಅವಳ ಪರವಾಗಿ ಏನಾದರೂ ಹುಡುಕುವವರ ಹಾಗೆ.

“ಅಲ್ಲಿ ಬರ್ತಿತ್ರಿ. ಇಲ್ಲಿ ಬರಂಗಿಲ್ಲ.”

ಗುರುಸಂಗಪ್ಪನವರು ನಿಟ್ಟುಸಿರು ಬಿಟ್ಟು, ಪಾಪ, ಫೋನಿನ ಕೆಲಸ ಎಲ್ಲ ಚಲೋ ಮಾಡ್ತಾಳ್ರಿ, ಕಂಪ್ಯೂಟರ್ ಅಂದ್ರ ಕಷ್ಟ ಎಂದು ಏನೇನೋ ಹೇಳಿದರು. ಅಧಿಕಾರಿ ತಲೆಯಾಡಿಸಿದರು. ಕೊಟ್ಟೂರಿನಲ್ಲಿ ಮೇಷ್ಟ್ರು ಬಾಗಿಲಲ್ಲಿ ಆಡಿಸುತ್ತಿದ್ದ ಹಾಗೆ, ಒಂದೇ ಸಲ. ಎಲ್ಲರೂ ಊಟಕ್ಕೆ ಎದ್ದರು. ಎಲೆ ಹಾಕಿದ್ದ ಪಕ್ಕದ ಕೋಣೆಯಿಂದ ತುಪ್ಪದ ವಾಸನೆ ಬಂತು. ಹೋಗುತ್ತ ಗುರುಸಂಗಪ್ಪನವರು ನಿಂತು, “ತಿಂಗಳು ಮುಗಿಯೋತನಕ ಬಾರವ್ವ, ಪಗಾರ ಹಿಡಿಯಂಗಿಲ್ಲ,” ಎಂದರು.

“ಬ್ಯಾಡ್ರಿ. ನಾಳೆ ಬೆಳಿಗ್ಗಿ ಫೋನ್ ಎತ್ತೋರಿಗೆ ಒಂದು ಮಾತು ಹೇಳ್ರಿ, ಮೈಲಾರದ ಕಡಿಯಿಂದ ಜಂಬಕ್ಕ ಮಾಡ್ತಾಳ. ಆಕಿಗೆ ಕಿವಿ ಮಂದ. ಜೋರು ಹೇಳಬೇಕು, ಆದ್ರ ಬೈದಂಗ ಇರಬಾರದು.”

ಊಟಕ್ಕೆ ಬಾ ಎಂದು ಯಾರೋ ಕರೆದದ್ದು ಗಂಗಾಧರನಿಗೆ ಕೇಳಿಸಿತು. ಅವನು ಹೋಗಲಿಲ್ಲ. ಗೀತಾಂಜಲಿ ಡಬ್ಬಿ, ಕೋಲು, ಚೀಲ ಎಲ್ಲವನ್ನೂ ಸೇರಿಸಿಕೊಂಡಳು. ಕಟ್ಟಿದ ದಂಡೆಯನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದಿದ್ದು, ಟೆಲಿಫೋನಿನ ಮೇಲೆ ಇಟ್ಟಳು. ಮೆಟ್ಟಿಲಿನವರೆಗೆ ಅವನು ಹಿಂದೆ ಹೋದ. ಹೊರಗೆ ಬಿಸಿಲು ಸುಣ್ಣ ಬಳಿದ ಹಾಗಿತ್ತು. ಏನಾದರೂ ಹೇಳಬೇಕು, ಹೇಳಿದರೆ ಅದು ಅವಳಿಗಾಗಿ ಹೇಳಿದ್ದೋ ತನ್ನ ಮನಸ್ಸು ಹಗುರಾಗಲೆಂದು ಹೇಳಿದ್ದೋ ಎಂದು ಅವನು ತೂಗುತ್ತಿದ್ದ, ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುವುದು ಅವನಿಗೆ ಅಭ್ಯಾಸವಾಗಿತ್ತು. ಕೊನೆಯ ಮೆಟ್ಟಿಲಿನಲ್ಲಿ ಕೋಲು ಊರಿ ಅವಳೇ ತಿರುಗಿದಳು.

“ಗಂಗಣ್ಣ, ಮಾರ್ಚ್ ಯಾವಾಗ ಮುಗಿತೈತ್ರಿ?”

ಅವನಿಗೆ ಆಗ ನೆನಪಾಯಿತು. ಬಳ್ಳಾರಿಯ ಲೈನು ಸಿಕ್ಕು ಅವಳು ಮಾತಾಡ್ರಿ ಎಂದ ಮೇಲೆ ಕಿವಿಯಲ್ಲಿ ಆ ಸಣ್ಣ ಟಕ್ ಕೇಳಿರಲಿಲ್ಲ. ಬಸವೇಶನ ಮಾತು, ನಗು, ಇಷ್ಟ ಎಂದದ್ದು, ಎಲ್ಲವನ್ನೂ ಅವಳು ಕೇಳಿದ್ದಳು. ಏನಾತ್ರಿ ಎಂದು ಕೇಳುವಾಗ ಅವಳಿಗೆ ಏನಾಯಿತೆಂದು ಗೊತ್ತಿತ್ತು. ಬರ್ತೈತ್ರಿ ಎಂದು ಅವನು ಹೇಳಿದಾಗ ಹೂಂ ಎಂದಿದ್ದಳು. ಗೊತ್ತಿದ್ದೂ ಹೋಗಿ ಆ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಕೊನೆಯ ಗಳಿಗೆಯಲ್ಲಾದರೂ ಅವನು ಮಾಡಿರಬಹುದೆಂದು. ಅವಳು ಕೋಲಿನಿಂದ ರಸ್ತೆಯ ಅಂಚನ್ನು ಹುಡುಕಿಕೊಂಡು, ಅಣ್ಣನಿಗೆ ಕಾಯದೆ ಒಬ್ಬಳೇ ಹೊರಟಳು. ಮೈಲಪ್ಪ ತನ್ನ ಅಂಗಡಿಯಿಂದ ಇಳಿದು ಬಂದು, ನಿಂತಿದ್ದ ಎತ್ತಿನ ಗಾಡಿಯನ್ನು ದಾಟಿಸಲು ಅವಳ ಮೊಣಕೈ ಹಿಡಿದ.

ಒಳಗೆ ಎಲ್ಲರೂ ಉಣ್ಣುತ್ತಿದ್ದರು. ಗಂಗಾಧರ ಕುರ್ಚಿಯಲ್ಲಿ ಕೂತ. ಕೈ ತೊಳೆದಿರಲಿಲ್ಲ. ಲೆಕ್ಕದ ಸಾಫ್ಟ್‌ವೇರನ್ನು ಮುಚ್ಚಿದ. ಮೂಲೆಯ ಗಡಿಯಾರದ ಮೇಲೆ ಎರಡು ಸಲ ಒತ್ತಿದ. ಜೂನ್. ಆಮೇಲೆ ಬೂದು ಚೌಕ, ನೀಲಿ ಪಟ್ಟಿ. ಪಟ್ಟಿ ಎಲ್ಲೂ ನಿಲ್ಲದೆ, ಇಳಿಜಾರಿಗೆ ಬಿಟ್ಟ ನೀರಿನ ಹಾಗೆ, ಆ ತುದಿಯಿಂದ ಈ ತುದಿಗೆ ತುಂಬಿತು. ಪಕ್ಕದ ಕೋಣೆಯಲ್ಲಿ ಇನ್ನೂ ಪಾಯಸ ಬಡಿಸುತ್ತಿದ್ದರು, ಅಷ್ಟರೊಳಗೆ ಎಲ್ಲ ಮುಗಿಯಿತು. ತಾರೀಕನ್ನು ಹಿಂದಕ್ಕೆ ಎಳೆದ. ಲೆಕ್ಕ ತೆರೆದ. ಮಾರ್ಚ್ ಇದ್ದ ಹಾಗೇ ಇತ್ತು. ಏನೂ ಆಗಿರಲಿಲ್ಲ. ಮುಚ್ಚಿಹೋಗಿರಲಿ, ಎಲ್ಲ ಹಾಳಾಗಿರಲಿ ಎಂದು ತಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದುದು ಅವನಿಗೆ ಆಗ ತಿಳಿಯಿತು. ಅವನು ಬೇಡವೆಂದರೂ ಬೆರಳು ಅವಳು ಒತ್ತಿದ ಗುಂಡಿಗಳನ್ನೇ ಒತ್ತಿತು. ನೆಗಡಿಯ ದನಿಯೊಂದು, ಪರದೇಶದವರ ಕನ್ನಡದಲ್ಲಿ, ಮೂಲೆಯಲ್ಲಿದ್ದುದನ್ನು ಓದಿತು: ಮಾರ್ಚ್, ಮೂವತ್ತೊಂದು. ಅವನು ಗಾಬರಿಯಾಗಿ ಸ್ಪೀಕರಿನ ವೈರು ಕಿತ್ತ.

ಆಗ ಪಕ್ಕದ ಮೇಜಿನ ಫೋನು ಹೊಡೆಯಿತು. ಬಹಳ ಹೊತ್ತು ಹೊಡೆಯಿತು. ಒಳಗಿನಿಂದ ಗುರುಸಂಗಪ್ಪನವರು, ಬಾಯಲ್ಲಿ ಅನ್ನ ಇಟ್ಟುಕೊಂಡೇ, “ಗಂಗಾಧರ, ಎತ್ತಪ ಅದನ್ನ!” ಎಂದು ಕೂಗಿದರು. ಅವನು ಮಲ್ಲಿಗೆಯ ದಂಡೆಯನ್ನು ಪಕ್ಕಕ್ಕೆ ಸರಿಸಿ ರಿಸೀವರ್ ಎತ್ತಿದ.

“ಯವ್ವಾ, ಗೀತವ್ವಾ!” ಮುದುಕಿಯೊಬ್ಬಳ ದನಿ, ಕಿವಿ ಮಂದ ಇದ್ದವರು ಕೂಗುವ ಹಾಗೆ. “ನಾನವ್ವ, ಜಂಬಕ್ಕ. ನಾಳೆ ಹೆಂಗೈತಿ? ಹೂವ ಬಿಡಿಸ್ಲೋ ಬ್ಯಾಡೋ?”

“ಗೀತಮ್ಮ...” ಎಂದ ಗಂಗಾಧರ.

“ಯಾರು? ಜೋರ್ ಹೇಳಪ್ಪ. ಗೀತವ್ವ ಅದಾಳಿಲ್ಲ?”

“ಬರ್ತಾಳ್ರಿ,” ಎಂದು ಅವನು ಜೋರಾಗಿ ಹೇಳಿದ. “ಸ್ವಲ್ಪ ತಡಾ ಆಗ್ತೈತಿ ಅಷ್ಟ.”

“ಆಗ್ಲಿ ತಗ, ನನಗೇನು ಕೆಲಸ ಐತಿ,” ಎಂದಳು ಜಂಬಕ್ಕ. “ಹಿಡಕಂಡು ಕುಂತಿರ್ತೀನಿ.”